ಹಳ್ಳಿಗೆ ನೆಟ್ ಎಳೆದವನ ನಡುಕಗಳು

ಧೈರ್ಯವಂತರಿಗೆ ಯಾವತ್ತೋ ಒಂದು ಅನಾಹುತ ಆಗುತ್ತೆ, ಪುಕ್ಕಲರಿಗೆ ದಿನಕ್ಕೊಂದು. ಹಳ್ಳಿಹಳ್ಳಿಗೂ ಬ್ರಾಡ್‌ಬ್ಯಾಂಡ್ ಕೊಡೋ ಸರ್ಕಾರದ ಯೋಜನೆಯಲ್ಲಿ ನಾನು ಕೇಬಲ್ ಎಳೆಯೋನು. ಗುತ್ತಿಗೆ ಕೆಲಸ. ಕಂಟ್ರಾಕ್ಟರ್ ಆಫೀಸು ಬನಶಂಕರಿಯಲ್ಲಿ. ಬೈಕು ತಲಘಟ್ಟಪುರ ದಾಟಿ ಹಳ್ಳಿ ಕಡೆ ಹೊರಟಿತು ಅಂದ್ರೆ ನನ್ನ ಎದೆ ಢವಢವ ಶುರು.

ಕಂಬ

ಸೇಫ್ಟಿ ಬೆಲ್ಟ್ ಕೇಳಿದ್ದಕ್ಕೆ ನಮ್ಮ ಸೂಪರ್‌ವೈಸರ್, "ಬರುತ್ತೆ, ಅಷ್ಟರಲ್ಲಿ ನೀನು ಹತ್ತಿರು" ಅಂದ್ರು. ಹತ್ತಿದೆ. ಅರ್ಧಕ್ಕೆ ಹೋದಾಗ ಗಾಳಿ ಬೀಸ್ತು. ಕಂಬ ಅಲ್ಲಾಡ್ತೋ ನಾನೇ ಅಲ್ಲಾಡಿದ್ನೋ, ಗಟ್ಟಿಯಾಗಿ ತಬ್ಕೊಂಡುಬಿಟ್ಟೆ. ಕೆಳಗೆ ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ನಿಂತ್ರು.

"ಯಾಕಪ್ಪಾ, ಭಯ ಆಯ್ತಾ?"

"ಇಲ್ಲಜ್ಜಿ, ಕೆಲಸ ಮಾಡ್ತಿದೀನಿ."

"ಕಣ್ಮುಚ್ಕೊಂಡು ಮಾಡೋ ಕೆಲಸ ಯಾವ್ದಪ್ಪಾ ಅದು?"

ಬಲಗಾಲು ಬಿಡು, ಎಡಗಾಲು ಬಿಡು ಅಂತ ಆಕೇನೇ ಹೇಳಿಕೊಟ್ಟು ಇಳಿಸಿದ್ರು. ನೆಲ ಮುಟ್ಟಿದ ಮೇಲೆ, "ಇನ್ನು ಕಂಬಾನೂ ಬಿಡಪ್ಪಾ" ಅಂದ್ರು.

ಪೊರೆ

ನೆಟ್ ಇಲ್ಲ ಅಂತ ಒಂದು ಪಂಚಾಯ್ತಿ ಕಚೇರಿಯಿಂದ ದೂರು ಬಂತು. ಹಿತ್ತಲ ಗೋಡೆಯ ಕೇಬಲ್ ಪೆಟ್ಟಿಗೆ ತೆಗೆದೆ. ಒಳಗೆ ಉದ್ದಕ್ಕೂ ಹಾವಿನ ಪೊರೆ! ರಸ್ತೆವರೆಗೂ ಓಡಿ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ.

"ಬರೀ ಪೊರೆ ತಾನೇ? ಅದೇನ್ ಕಚ್ಚುತ್ತಾ?" ಅಂದ್ರು.

"ಬಿಚ್ಚಿಟ್ಟೋರು ಎಲ್ಲಿಗೆ ಹೋಗಿದಾರೋ ಗೊತ್ತಿಲ್ವಲ್ಲ ಸಾರ್!"

"ಸ್ನಾನಕ್ಕೆ ಹೋಗಿರ್ತಾರೆ. ಬರೋದ್ರೊಳಗೆ ಮುಗಿಸು!"

ವಿಡಿಯೋ ಕಾಲ್

ಈಗ ನಮಗೆ ಭಾನುವಾರ ರಜೆ ಇದೆ. ಯಡಿಯೂರು ಕೆರೆ ಹತ್ರ ಹೆಂಡ್ತಿ ಜೊತೆ ವಾಕಿಂಗ್ ಹೋಗ್ತೀನಿ. ಆ ರಜೆ ಸಿಕ್ಕಿದ್ದೇ ನನ್ನ ಭಯದಿಂದ.

ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಜಯನಗರದ ಆಫೀಸಿನಲ್ಲೇ ಕೂತು, ನಾವು ಎಳೆದ ಲೈನಿನಲ್ಲೇ ನಮ್ಮ ಕಷ್ಟಸುಖ ವಿಚಾರಿಸ್ತಾರೆ ಅಂತಾಯ್ತು. ಸೂಪರ್‌ವೈಸರ್ ಮೊದಲೇ ಹೆದರಿಸಿದ್ರು: "ರಜೆ ಗಿಜೆ ಅಂತ ಬಾಯಿ ಬಿಟ್ರೆ ನಾಳೆಯಿಂದ ಬರಬೇಡ."

ಪಂಚಾಯ್ತಿ ಕಂಪ್ಯೂಟರ್ ಮುಂದೆ ನನ್ನ ಕೂರಿಸಿದ್ರು. ಪರದೆ ಮೇಲೆ ಅಧಿಕಾರಿ ಕೇಳಿದ್ರು, "ವಾರಕ್ಕೊಂದು ರಜೆ ಕೊಡ್ತಾರೇನಪ್ಪಾ?"

ಹೌದು ಅಂದ್ರೆ ಸುಳ್ಳು, ಇಲ್ಲ ಅಂದ್ರೆ ಕೆಲಸ ಹೋಯ್ತು. ತೆರೆದ ಬಾಯಿ ತೆರೆದ ಹಾಗೇ ಕಲ್ಲಿನ ಥರ ಕೂತುಬಿಟ್ಟೆ.

"ಹಲೋ? ಹಲೋ?" ಅಧಿಕಾರಿ ರೇಗಿದ್ರು. "ಏನ್ರೀ ಸೂಪರ್‌ವೈಸರ್, ಚಿತ್ರ ಹಂಗೇ ನಿಂತೋಗಿದೆ! ಇದೇನಾ ನೀವು ಎಳೆದ ಲೈನು? ಕಂಟ್ರಾಕ್ಟ್ ಕ್ಯಾನ್ಸಲ್ ಮಾಡಿ ಅಂತ ಬರೀತೀನಿ!"

ನನ್ನ ಹಿಂದಿದ್ದ ಸೂಪರ್‌ವೈಸರ್ ಗಾಬರಿಯಿಂದ ಪರದೆ ಮುಂದಕ್ಕೆ ಹಾರಿ ಬಂದ್ರು.

"ಅಯ್ಯೋ, ಲೈನ್ ಸಖತ್ತಾಗಿದೆ ಸಾರ್! ಹೆದರ್ಕೊಂಡು ನಿಂತೋಗಿರೋದು ಇವನು!"

"ಯಾರಿಗ್ರೀ ಹೆದರಿದಾನೆ?"

"ನನಗೇ ಸಾರ್!"