ಬಾಗಿಲ ಮುಂದಿನ ಏಣಿ

ನನ್ನ ಯಜಮಾನರು ಹೋಗಿ ಐದು ತಿಂಗಳಾಯಿತು. ಅವರ ಹಗ್ಗ, ಬಾಂಡ್ಲಿ, ಗುದ್ದಲಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ನಡುಮನೆಯಲ್ಲೇ ಕೂತಿವೆ, ಬೀಗರ ಹಾಗೆ.

ಯಜಮಾನರ ಹೆಸರು ತೋಟಪ್ಪ. (ಈಗ ಹೆಸರು ಹೇಳಿದರೆ ಬೇಡ ಅನ್ನುವವರು ಯಾರು?) ಹರಿಹರದ ಆಚೆ ಒಂದು ಗುಡ್ಡ. ಅದರಲ್ಲೊಂದು ಗವಿ, ಬಾಯಿ ತುಂಬ ಮಣ್ಣು. ಆ ಮಣ್ಣು ತೆಗೆಯುವುದು ಇವರ ಭಾನುವಾರದ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಕೂಲಿ ಕೊಡುವುದಿಲ್ಲ; ಒಳಗೇನಿದೆ ನೋಡುವ ಹುಚ್ಚು, ಅಷ್ಟೇ. ಇವರು, ನಾಗಭೂಷಣ್, ಗುತ್ತೆಪ್ಪ, ತಾಡಪಾಲು ಅಂಗಡಿಯ ತೌಸೀಫ್. ನಾಲ್ಕೇ ಜನರ ಮಹಾಮಂಡಳಿ. ಆರು ವರ್ಷ ಅಗೆದರು. ಸಿಕ್ಕಿದ್ದು ಒಂದು ಬಾಂಡ್ಲಿ. (ಅದೂ ಅವರದೇ. ಹಿಂದಿನ ವರ್ಷ ಕಳೆದುಹೋಗಿತ್ತು.)

ಗವಿ ಕುಸಿದು ಇವರು ಸಾಯುತ್ತಾರೆ ಎಂದು ಆರು ವರ್ಷ ಹೆದರಿದೆ. ಉಂಡು, ಮಜ್ಜಿಗೆ ಕುಡಿದು, ಮಂಚದ ಮೇಲೆ ಮಲಗಿದವರು ಏಳಲಿಲ್ಲ. ನಾನು ಹೆದರಿದ್ದೆಲ್ಲ ದಂಡ.

ನಾಗಭೂಷಣರಿಗೆ ಫೋನು ಮಾಡಿದೆ. "ಭಾನುವಾರ ಬಂದು ನಿಮ್ಮ ಸಾಮಾನು ಒಯ್ರಿ. ಇಲ್ಲಾಂದ್ರೆ ಸೋಮವಾರ ಗುಜರಿಯೋನು ಒಯ್ತಾನೆ."

ಗವಿಗೆ ಇಳಿಯುವಾಗ ಇವರು ಹಾಕಿಕೊಳ್ಳುತ್ತಿದ್ದ, ಗೂಟಕ್ಕೆ ನೇತುಹಾಕಿದ ಹೆಲ್ಮೆಟ್ಟಿನ ಮಾತು ಮಾತ್ರ ಎತ್ತಲಿಲ್ಲ. ಇವರ ತಲೆ ಸಣ್ಣದು. ಒಳಗೆ ನನ್ನ ಹಳೆ ಸೀರೆಯ ತುಂಡು ಮಡಚಿಟ್ಟು ನಾನೇ ಹೊಲಿದುಕೊಟ್ಟಿದ್ದೆ. ಈಗಲೂ ಅದರಲ್ಲಿ ಇವರ ಬೆವರಿನ ವಾಸನೆ ಇದೆ. ಒಳ್ಳೆ ವಾಸನೆ ಏನಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಶಾಮನೂರಿನ ನಮ್ಮ ಮನೆಗೆ ಬಂದರು. ಒಯ್ಯಲು ಬಂದವರು ತಾವೇ ಎಂಟು ಬಿದಿರು ಹೊತ್ತು ತಂದಿದ್ದರು!

"ಇದೇನ್ರೀ?"

"ಗವಿ ಬಾಯಿಗೆ ಚಪ್ಪರ, ಅಕ್ಕಾರೆ," ಎಂದರು ನಾಗಭೂಷಣ್. "ಮಳಿ ಬಂದ್ರೆ ತೆಗೆದ ಮಣ್ಣೆಲ್ಲ ಮತ್ತೆ ಒಳಗೇ ಹೋಗ್ತೈತೆ. ಹೋದ ವರ್ಷ ಗುಡ್ಡದ ಮೇಲೆ ಕಟ್ಟಿ ನೋಡಿದ್ರೆ ತಾಡಪಾಲು ಒಂದು ಮೊಳ ಗಿಡ್ಡ. ಈ ಸಲ ಇಲ್ಲೇ ಒಮ್ಮೆ ಕಟ್ಟಿ ಅಳತಿ ನೋಡಿಬಿಡ್ತೀವಿ."

"ನಾನು ಸರಿಯಾಗೇ ಕತ್ತರಿಸಿದ್ದೆ. ಗವಿ ಬಾಯೇ ದೊಡ್ಡದಾಗೈತ್ರೀ," ಎಂದ ತೌಸೀಫ್.

"ಮತ್ತೆ? ಆರು ವರ್ಷ ಅಗೆದಿದ್ದು ಸಣ್ಣದು ಮಾಡಾಕಾ?" ಎಂದ ಗುತ್ತೆಪ್ಪ.

ಚಹಾ ಇಡಲು ಒಳಗೆ ಹೋದೆ. ಅಷ್ಟರಲ್ಲಿ ಬಾಗಿಲ ಮುಂದೆ ನಾಲ್ಕು ಬಿದಿರು ನಿಂತವು, ಮೇಲೆ ತಾಡಪಾಲು ಬಿತ್ತು. ಉಳಿದ ಬಿದಿರಿನಲ್ಲಿ ಗುತ್ತೆಪ್ಪ ಗವಿಗೆ ಇಳಿಯಲು ಏಣಿ ಕಟ್ಟಿ, ಚಪ್ಪರದ ಕೆಳಗೆ ಮಲಗಿಸಿದ. ಆಮೇಲೆ ಮೂವರೂ ಅದರ ಪಕ್ಕ ತಲೆ ತಗ್ಗಿಸಿ ಕೂತರು. (ಗಂಟು ಎಣಿಸುತ್ತಿದ್ದರಂತೆ.)

ಮನೆ ಮುಂದೆ ಚಪ್ಪರ. ಚಪ್ಪರದ ಕೆಳಗೆ ಹೆಣ ಹೊರುವ ಚಟ್ಟದಂಥದ್ದು. ಪಕ್ಕದಲ್ಲಿ ತಲೆ ತಗ್ಗಿಸಿದ ಗಂಡಸರು. ದಾರಿಯಲ್ಲಿ ಹೋಗುವವರು ಏನಂತ ತಿಳಿಯಬೇಕು?

ಹಿಂದಿನ ಬೀದಿಯ ಮರಿಯವ್ವ ತಿಳಿದೇಬಿಟ್ಟಳು. ಹಾರ ಕೊಂಡು, ಸೆರಗು ಬಾಯಿಗಿಟ್ಟುಕೊಂಡು ಬಂದಳು. "ಅಯ್ಯೋ ಲಕ್ಷ್ಮವ್ವಾ, ಗಂಡನ ಹಿಂದೇ ಹೋದ್ಯಲ್ಲೇ! ಬಂಗಾರದಂಥ ಹೆಂಗಸು! ಬಾಯಿ ಒಂದು ಬಿಟ್ರೆ ಯಾವ ದೋಷನೂ ಇರಲಿಲ್ಲ!"

ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದೆ. ಮರಿಯವ್ವ ಕಿರುಚಿದ ಸದ್ದಿಗೆ ಬೀದಿನಾಯಿಗಳು ಓಡಿದವು.

"ಇದ್ದೀಯೇನೇ?"

"ಇದ್ದೀನಿ. ಬಾಯೂ ಐತೆ. ಚಾ ಕುಡೀತೀಯಾ?"

ಕುಡಿದಳು. ಸಿಟ್ಟಿನಲ್ಲೇ ಕುಡಿದಳು. "ಈ ಹಾರ ಏನು ಮಾಡ್ಲಿ ಈಗ? ಹೂವಿನೋನು ವಾಪಸ್ ತಗೊಳಂಗಿಲ್ಲ."

"ಒಳಗೆ ಅವರ ಫೋಟೊ ಐತೆ. ಅವರೇನೂ ಬ್ಯಾಡ ಅನ್ನಲ್ಲ."

ಹಾರ ಹಾಕಲು ಹೋದವಳು ಸುಮ್ಮನೆ ಬರಬಾರದೇ? "ಫೋಟೊ ಪಕ್ಕ ಅದೇನೇ ಟೋಪಿ?" ಎಂದು ಒಳಗಿಂದ ಕೂಗಿದಳು.

ನಾಗಭೂಷಣ್ ಕೈಯಲ್ಲಿದ್ದ ಪಟ್ಟಿ ನೋಡಿದರು. "ಹೆಲ್ಮೆಟ್ ನಾಲ್ಕು. ಮೂರೇ ಅದಾವೆ. ಅದನ್ನೂ ಕೊಡ್ರಿ ಅಕ್ಕಾರೆ."

"ಅದು ಬ್ಯಾಡ."

"ನಾಲ್ಕು ಜನ ಇಲ್ದೆ ಹಗ್ಗ ಇಳಿಸಂಗಿಲ್ರಿ. ತೋಟಪ್ಪನೇ ಮಾಡಿದ ಕಾನೂನು. ಐದು ತಿಂಗಳಿಂದ ಗವಿ ಹಂಗೇ ಬಿದ್ದೈತೆ. ನಾಲ್ಕನೇಯವ್ರನ್ನ ಯಾರನ್ನಾದ್ರೂ ಹುಡುಕಿ, ಅವರ ತಲಿಗೆ..."

ಯಾರದೋ ತಲೆ! ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಹೆಲ್ಮೆಟ್ ತೆಗೆದು ನನ್ನ ತಲೆಗೇ ಹಾಕಿಕೊಂಡು ಬಂದು ನಿಂತೆ. "ಈ ತಲೆ ಬಿಟ್ಟು ಇನ್ನೊಂದು ತಲೆ ಮೇಲೆ ಇದು ಕೂಡಂಗಿಲ್ಲ. ತಿಳೀತೇನ್ರೀ?"

ಗುತ್ತೆಪ್ಪ ಬೆರಳು ಮಡಚಿ ಎಣಿಸಿದ.

"ಹಂಗಾದ್ರೆ ನಾಲ್ಕಾದ್ವಿ."

"ಸರಿಯಾಗಿ ಕೂತೈತೆ ನೋಡು," ಎಂದಳು ಮರಿಯವ್ವ. ಅವಳನ್ನು ಯಾರು ಕೇಳಿದ್ದರು?

ಮುಂದಿನ ಭಾನುವಾರ ನಾನು ಗುಡ್ಡದ ಮೇಲೆ, ಅದೇ ಚಪ್ಪರದ ಕೆಳಗೆ. ತಲೆ ಮೇಲೆ ಹೆಲ್ಮೆಟ್, ಕೈಯಲ್ಲಿ ಹಗ್ಗ. ಕೆಳಗಿಂದ ಮಣ್ಣಿನ ಬಾಂಡ್ಲಿ ಬರುತ್ತಿತ್ತು, ನಾನು ಸುರಿಯುತ್ತಿದ್ದೆ. ಆರು ವರ್ಷ ನಾನು ಬೈದದ್ದು ಇದೇ ಮಣ್ಣಿಗೆ. ತಾಡಪಾಲು ಆಗಲೂ ಒಂದು ಮೊಳ ಗಿಡ್ಡ. (ಅಳತೆ ನೋಡಿದ್ದು ನನ್ನ ಬಾಗಿಲಿನದು, ಗವಿಯದಲ್ಲ.)

ಸಂಜೆ ಸಾಮಾನೆಲ್ಲ ನನ್ನ ಮನೆಗೇ ವಾಪಸ್ ಬಂತು. ನಾಲ್ಕನೇ ಸದಸ್ಯರ ಮನೆಯೇ ಉಗ್ರಾಣವಂತೆ. ಅದೂ ತೋಟಪ್ಪನವರ ಕಾನೂನು. ಏಣಿ ಮಾತ್ರ ಒಳಗೆ ಹಿಡಿಸಲಿಲ್ಲ. ಬಾಗಿಲ ಮುಂದೆಯೇ ಬಿದ್ದಿದೆ.

ಮರಿಯವ್ವ ಹಾದುಹೋಗುವಾಗಲೆಲ್ಲ ಅದನ್ನು ನೋಡಿ ನಿಲ್ಲುತ್ತಾಳೆ. "ಇದ್ದೀಯೇನೇ?" ಎಂದು ಕೂಗುತ್ತಾಳೆ.

ಒಲೆ ಮೇಲಿನದನ್ನು ಬಿಟ್ಟು ಹೊರಗೆ ಬಂದು ಹೇಳಬೇಕು. "ಇದ್ದೀನವ್ವಾ, ಇದ್ದೀನಿ."