ಮಾವ ಒಪ್ಪಿಕೊಂಡ ಒಂದೇ ತಪ್ಪು

ನನ್ನ ಸೋದರಮಾವ ಜೀವಮಾನದಲ್ಲಿ ಒಂದೂ ತಪ್ಪು ಮಾಡಿದವರಲ್ಲ. ನಂಬಿಕೆ ಬರಲಿಲ್ಲವೇ? ಅವರನ್ನೇ ಕೇಳಿ! ಒಮ್ಮೆ ಕೆ.ಆರ್. ನಗರಕ್ಕೆಂದು ಹೊರಟವರು ಪಿರಿಯಾಪಟ್ಟಣದಲ್ಲಿ ಇಳಿದಿದ್ದರು. "ನಾನ್ ಕೂತಿದ್ದು ಸರ್ಯಾಗೇ ಕಣ್ಲಾ, ಬಸ್ಸೇ ಬ್ಯಾರೆ ಕಡೆ ಓಯ್ತು" ಎಂದರು.

ಮಾವ ಅತ್ತೆಯನ್ನು ಮದುವೆಯಾಗಿ, ಅವರ ತವರು ಅಂತರಸಂತೆಯಿಂದ ಗಾವಡಗೆರೆಗೆ ಕರೆತಂದ ಹಳೇ ಅಂಬಾಸಿಡರ್ ಕಾರು ಇನ್ನೂ ಅವರ ಕೊಟ್ಟಿಗೆಯಲ್ಲಿದೆ. ಅದು ಕೆಟ್ಟು ನಿಂತ ದಿನವೇ ಮಾವ ಶಪಥ ಮಾಡಿಬಿಟ್ಟರು: "ತವರಿಗೆ ಓದ್ರೆ ಇದ್ರಲ್ಲೇ ಓಗೋದು!" ತಾವೇ ಎಂಜಿನ್ ಬಿಚ್ಚಿದರು. ನಾಲ್ಕು ವರ್ಷ ಕಳೆಯಿತು. ಅತ್ತೆಯ ತಮ್ಮನ ಮನೆಯ ಗೃಹಪ್ರವೇಶವೂ ಆಗಿಹೋಯಿತು, ಅತ್ತೆ ಹೋಗಲಿಲ್ಲ. ಗಂಡನ ಮಾತು ಮೀರಲಾರದ ಹೆಂಗಸು. ಆಯುಧಪೂಜೆಯ ದಿನ, ಬಾಯಿ ತೆರೆದು ಮಲಗಿದ್ದ ಎಂಜಿನ್ನಿಗೇ ಕುಂಕುಮವಿಟ್ಟು, ಸೇವಂತಿಗೆ ಮಾಲೆ ಮುಡಿಸಿ, "ಈ ವರ್ಷನಾದ್ರೂ ತವರಿಗೆ ಕರ್ಕೊಂಡೋಗಪ್ಪ ತಂದೆ" ಎಂದು ಕೈಮುಗಿದರು.

ಕೊನೆಗೂ ಎಂಜಿನ್ ಜೋಡಿಸಿದ್ದಾಯಿತು, ಕಾರು ಗುಡುಗಿತು! ಬರುವ ಭಾನುವಾರವೇ ಅತ್ತೆಯ ತಮ್ಮನ ಮಗಳ ಮದುವೆ. ಆದರೆ ಹತ್ತು ನಿಮಿಷ ಓಡಿಸಿದರೆ ಸಾಕು, ಆಯಿಲ್ ಪ್ರೆಷರ್ ತೋರಿಸುವ ಮುಳ್ಳು ಜರ್ರನೆ ಕೆಳಗೆ. ಹಾಗೇ ಓಡಿಸಿದರೆ ಎಣ್ಣೆಯಿಲ್ಲದೆ ಎಂಜಿನ್ ಸುಟ್ಟಂತೆಯೇ. ಮಾವ ಮೊದಲು ಮೀಟರನ್ನೇ ಬೈದರು. ಬೇರೆ ಮೀಟರ್ ತಂದು ಹಾಕಿದರೆ ಅದೂ ಅದನ್ನೇ ಹೇಳಿತು. ಹುಣಸೂರಿನಿಂದ ಬಂದ ಮೆಕ್ಯಾನಿಕ್, "ಬೇರಿಂಗ್ ಸವೆದೋಗ್ಬುಟ್ಟದೆ ಕಣ್ರೀ, ಪೂರ್ತಿ ಬಿಚ್ಬೇಕು, ಒಂದ್ ತಿಂಗ್ಳು" ಎಂದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮಾವ ಅಡುಗೆಮನೆಯಿಂದ ಊದುಗೊಳವೆ ತಂದು, ಎಂಜಿನ್ ಚಾಲು ಮಾಡಿ, ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ಕಿವಿಗೆ ಇಟ್ಟು ಕೂತರು.

"ಒಲೆ ಊದೋದು ಯಾತ್ರಲ್ರೀ?" ಒಳಗಿನಿಂದ ಅತ್ತೆ.

"ಸುಮ್ಕಿರಮ್ಮಿ, ಅದು ಏನೋ ಏಳ್ತಾ ಅದೆ!"

ಮುಳ್ಳು ಇಳಿದ ಕೂಡಲೇ ಎಂಜಿನ್ ನಿಲ್ಲಿಸಿದರು. ಐದು ನಿಮಿಷ ಬಿಟ್ಟು, ಎಂಜಿನ್ ಇನ್ನೂ ಬಿಸಿಯಾಗಿರುವಾಗಲೇ ಮತ್ತೆ ಚಾಲು ಮಾಡಿದರು. ಮುಳ್ಳು ಮೇಲೆ! ಹೀಗೆ ಮೂರು ಸಲ.

"ನೋಡ್ಲಾ, ಬೇರಿಂಗ್ ಸವೆದಿದ್ರೆ ಒಳಗೆ ಗುದ್ದೋ ಸದ್ದು ಬರ್ಬೇಕು, ಬತ್ತಿಲ್ಲ. ಎಂಜಿನ್ ಕಾದ್ಮೇಲೆ ಮುಳ್ಳೂ ಮ್ಯಾಕೆ ಏಳ್ಬಾರ್ದು, ಏಳ್ತದೆ. ಎಣ್ಣೆ ಈರೋ ಬಾಯಿಗೆ ಏನೋ ಬಂದು ಅಂಟ್ಕತದೆ. ನಿಲ್ಸಿದ್ರೆ ಕಳಚಿ ಬೀಳ್ತದೆ."

ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ. ಕಬ್ಬಿಣದ ಹೊಟ್ಟೆಯೊಳಗಿನದನ್ನು ಹೊರಗೆ ಕೂತೇ ಕಂಡವರು ಇವರೇನಾ, ಬಸ್ಸಿನ ಬೋರ್ಡು ಓದದವರು?

ಕಾರಿನಡಿ ತೆವಳಿ, ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಇಳಿಸಿದೆವು. ಅಲ್ಲಿತ್ತು! ಕಪ್ಪಾಗಿ, ಎಣ್ಣೆಯಲ್ಲಿ ನೆಂದ ಸೇವಂತಿಗೆ ಮಾಲೆಯ ತುಂಡು.

ನಾನು ಮಾವನ ಮುಖ ನೋಡಿದೆ. ಈಗ ಅತ್ತೆಯ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಹೊರಗೆ ಬಂದ ಅತ್ತೆ ಬಾಗಿ ಕೇಳಿದರು: "ಏನಿತ್ತುರೀ?"

ಮಾವ ಹೂವನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಬಟ್ಟೆ ಚೂರು ಕಣಮ್ಮಿ. ಒರೆಸ್ವಾಗ ಒಳಗೇ ಬುಟ್ಬುಟ್ಟಿದ್ದೆ. ನಂದೇ ತಪ್ಪು."

"ಏನಂದ್ರಿ? ಇನ್ನೊಂದ್ಸಲ ಅನ್ನಿ!"

"ನಂದೇ ತಪ್ಪು."

ಭಾನುವಾರ ಹೆಗ್ಗಡದೇವನಕೋಟೆ ದಾಟಿದರೂ ಮುಳ್ಳು ಅಲುಗಲಿಲ್ಲ. ಅಂತರಸಂತೆಯಲ್ಲಿ ಅತ್ತೆ, ಸಿಕ್ಕಸಿಕ್ಕವರಿಗೆಲ್ಲ ಮದುವೆಗಿಂತ ದೊಡ್ಡ ಸುದ್ದಿ ಹಂಚಿದರು: "ಇವ್ರು ತಪ್ಪು ಒಪ್ಕೊಂಡ್ರು ಕಣ್ರೇ!" ಎಲ್ಲರೂ ನಕ್ಕರು. ಮಾವ ಎಲೆಯಡಿಕೆ ಮೆಲ್ಲುತ್ತ ತಲೆಯಾಡಿಸಿದರು. ನನಗಂತೂ ಅಲ್ಲಿಯೇ ಅವರ ಕಾಲಿಗೆ ಬೀಳಬೇಕೆನಿಸಿತು.