ಅಳತೆ ಚೀಟಿಯ ಪಾಪಗಳು

ಕನ್ನಡಿಯ ಮುಂದೆ ಮಂಡಿಯೂರಿ, ಎದೆಯ ಮೇಲೆ ಕೈಯಿಟ್ಟು, ದರ್ಜಿ ತನ್ನ ಪಾಪದ ಚೀಟಿಯನ್ನು ಗಟ್ಟಿಯಾಗಿ ಓದಿದ: "ಫಾದರ್, ನಾನು ಪಾಪಿ. ಎದೆ ನಲವತ್ತು. ಸೊಂಟ ನಲವತ್ತೆರಡು."

ಅಯ್ಯೋ ದೇವರೇ! ಇದು ಬೇಕರಿಯವನ ಅಳತೆ! ಹಾಗಾದರೆ ಪಾಪದ ಚೀಟಿ? ಬೆಳಿಗ್ಗೆ ತಾನೇ ಕೈಯಾರೆ ಕೊಟ್ಟು ಬಂದ ಬೇಕರಿಯವನ ಹೊಸ ಕೋಟಿನ ಕಾಲರಿನಲ್ಲಿ, ಅಳತೆ ಚೀಟಿಯ ಬದಲು, ಗುಂಡುಸೂಜಿ ಚುಚ್ಚಿಸಿಕೊಂಡು ಭದ್ರವಾಗಿ ಕೂತಿತ್ತು!

ಇದಕ್ಕೆಲ್ಲ ಅಕ್ಕ ಕಾರಣ. ಒಂಬತ್ತು ವರ್ಷ ಕಾದ ಮೇಲೆ ಹುಟ್ಟಿದ ಅವಳ ಮಗುವಿಗೆ ನಾಳೆ ಚರ್ಚಿನಲ್ಲಿ ಜ್ಞಾನಸ್ನಾನ. ಬೆಳಿಗ್ಗೆಯೇ ಬಂದು ಹೇಳಿ ಹೋಗಿದ್ದಳು: "ನೀನೇ ಕಣೋ ಮಗೂಗೆ ಜ್ಞಾನತಂದೆ, ಮಗೂನ ಎತ್ತಿ ಹಿಡಿಯೋನು. ಆದ್ರೆ ಸಂಜೆ ಗಂಟೆ ಹೊಡೆಯೋದ್ರೊಳಗೆ ಪಾಪನಿವೇದನೆ ಮಾಡದೆ ಇದ್ರೆ ಫಾದರ್ ನಿನ್ನನ್ನ ಮಗು ಹತ್ರಾನೂ ಬಿಡಲ್ವಂತೆ. ನನ್ನ ಮಾನ ಕಳೀಬೇಡ. ಆ ಫಾದರನ್ನ ನೋಡಿ ಕಲಿ. ಮೂರು ವರ್ಷದಿಂದ ರಾತ್ರಿ ಊಟಾನೇ ಬಿಟ್ಟಿದ್ದಾರೆ. ಎಂಥಾ ಉಪವಾಸ!"

ಮಗುವೆಂದರೆ ದರ್ಜಿಗೆ ಪ್ರಾಣ. ತೊಡಕೆಂದರೆ, ಅವನ ದೊಡ್ಡ ಪಾಪ ಫಾದರಿಗೇ ಸೇರಿದ್ದು. ಅವರ ಬಿಳಿ ನಿಲುವಂಗಿ ಹೊಲಿಯುವಾಗಲೆಲ್ಲ ಒಂದು ಗೇಣು ಬಟ್ಟೆ ಉಳಿಸಿಕೊಳ್ಳುತ್ತಾ ಬಂದಿದ್ದ. ಮೊದಲು ದಿಂಬಿನ ಚೀಲವಾಯಿತು, ಈಗ ಮಗುವಿನ ನಾಳಿನ ಉಡುಪೂ ಅದರದ್ದೇ. ಯಾರದನ್ನು ಕದ್ದನೋ ಅವರ ಮುಂದೆಯೇ ಕೂತು ಹೇಳಬೇಕು! ಭಯಕ್ಕೆ ಮರೆತುಹೋದೀತೆಂದು ಅಳತೆ ಚೀಟಿಯೊಂದರ ಹಿಂಬದಿಯಲ್ಲಿ ಬರೆದುಕೊಂಡಿದ್ದ:

೧. ಕಳ್ಳತನ: ಮೂರು ವರ್ಷದಿಂದ, ಸ್ವಲ್ಪ ಸ್ವಲ್ಪ.
೨. ಸುಳ್ಳು: ದಿನಾ.
೩. ಹೊಟ್ಟೆಕಿಚ್ಚು: ಪಕ್ಕದವರ ಮೇಲೆ.
೪. ಪ್ರವಚನದಲ್ಲಿ ನಿದ್ದೆ.

ಟೇಪು ಕೊರಳಲ್ಲೇ ಇತ್ತು, ಒಂದು ಚಪ್ಪಲಿ ಮನೆಯಲ್ಲೇ ಉಳಿಯಿತು. ದರ್ಜಿ ಓಡಿದ.

ಬೇಕರಿಯವ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಿದ್ದ. ಹಲಗೆಯ ಮೇಲಿದ್ದ ರೊಟ್ಟಿಗಳು ಎಂದೂ ಇಲ್ಲದಷ್ಟು ದಪ್ಪವಾಗಿದ್ದವು.

"ಅಣ್ಣಾ, ಕೋಟಲ್ಲಿ ಒಂದು ಚೀಟಿ..."

"ನೀನೂ ಓದಿದ್ಯಾ?" ಬೇಕರಿಯವ ಚಂಗನೆ ಎದ್ದ. "ಎಲ್ಲಾ ಸುಳ್ಳು! ನನ್ನ ರೊಟ್ಟಿ ತೂಕ ಸರಿಯಾಗೇ ಇದೆ! ಇದು ಆ ಕ್ಷೌರದವನ ಕೆಲ್ಸ, ಹೊರಗೆ ನೇತುಹಾಕಿದ್ದ ಕೋಟಿಗೆ ಚುಚ್ಚಿ ಹೋಗಿದ್ದಾನೆ. ದಿನವಿಡೀ ಬಾಗಿಲಲ್ಲಿ ನಿಂತು ಜನರ ಮೇಲೆ ಕಣ್ಣಿಡೋನು ಅವನೊಬ್ನೇ. ಅವನ ಮುಖಕ್ಕೇ ಎಸೆದು ಬಂದೆ!"

ಕ್ಷೌರದ ಅಂಗಡಿಯಲ್ಲಿ ಕ್ಷೌರದವ ಒಂದೇ ಕೆನ್ನೆಯನ್ನು ಮೂರನೇ ಸಲ ಕೆರೆಯುತ್ತಿದ್ದ. ಕುರ್ಚಿಯಲ್ಲಿದ್ದ ಗಿರಾಕಿ ಉಸಿರು ಬಿಗಿಹಿಡಿದಿದ್ದ.

"ಚೀಟಿನಾ? ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಮಾನ ಕಳೆಯೋದು ಈ ಬೀದೀಲಿ ಟೀಚರಮ್ಮ ಒಬ್ರೇ!" ಎಂದ ಕ್ಷೌರದವ. "ಅವರಿಗೇ ವಾಪಸ್ ಕೊಟ್ಟೆ. ಓದಿ ಅವರ ಮುಖಾನೂ ಬಿಳಿಚಿಕೊಳ್ತು ನೋಡು! ಈಗ ನಾನು ಚರ್ಚಿಗೆ ಹೋಗ್ಬೇಕು. ತಡ್ಕೊಳಕ್ಕಾಗ್ತಿಲ್ಲ."

ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಅವನು ಹೊರಟೇಬಿಟ್ಟ.

ಟೀಚರಮ್ಮನ ಮನೆಗೆ ಬೀಗ. ದರ್ಜಿ ಏದುಸಿರು ಬಿಡುತ್ತಾ ಚರ್ಚು ತಲುಪಿದರೆ, ಪಾಪನಿವೇದನೆಯ ಗೂಡಿನ ಮುಂದೆ ಸಾಲು! ಟೀಚರಮ್ಮ, ಕ್ಷೌರದವ, ಮೈಮೇಲೆಲ್ಲ ಹಿಟ್ಟಾದ ಬೇಕರಿಯವ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಒಬ್ಬೊಬ್ಬರೇ ಒಳಗೆ ಹೋಗಿ, ಕಣ್ಣೊರೆಸಿಕೊಂಡು, ಹಗುರಾಗಿ ಹೊರಗೆ ಹೋದರು. ಚೀಟಿ ಕೇಳುವ ಧೈರ್ಯ ದರ್ಜಿಗೆ ಬರಲಿಲ್ಲ. ಗಂಟೆಗೆ ಇನ್ನು ಐದೇ ನಿಮಿಷ. ಅವನು ಗೂಡಿನ ಮುಂದೆ ಮಂಡಿಯೂರಿದ.

"ಹೇಳು ಮಗಾ," ಎಂದರು ಫಾದರ್ ಜಾಲರಿಯ ಆಚೆಯಿಂದ.

"ಫಾದರ್... ಎದೆ ನಲವತ್ತು..." ಎಂದವನಿಗೆ ಮುಂದಿನದೆಲ್ಲ ಮರೆತು ದುಃಖ ಒತ್ತರಿಸಿ ಬಂತು. "ನಿಮ್ಮ ನಿಲುವಂಗಿ ಬಟ್ಟೆ ಕದ್ದೋನು ನಾನೇ ಫಾದರ್! ಮೂರು ವರ್ಷದಿಂದ! ಸಲಕ್ಕೊಂದು ಗೇಣು! ಮಗೂ ನಾಳಿನ ಉಡುಪೂ ಅದ್ರದ್ದೇ! ನಿಮ್ಮ ನಿಲುವಂಗಿ ಬಿಗಿಯಾಗ್ತಾ ಬಂದಿದ್ದು ಅದಕ್ಕೇ!"

ಫಾದರ್ ಮುಖ ಜಾಲರಿಗೆ ಹತ್ತಿರ ಬಂತು. ಆಮೇಲೆ ಒಂದು ಸಣ್ಣ ದನಿ: "ಹಾಗಾದ್ರೆ ನಾನು ದಪ್ಪ ಆಗಿರ್ಲಿಲ್ವಾ?"

"ಇಲ್ಲ ಫಾದರ್."

"ದಪ್ಪ ಆಗ್ತಿದ್ದೀನಿ ಅಂತ ರಾತ್ರಿ ಊಟ ಬಿಟ್ಟೆನಲ್ಲಪ್ಪಾ! ನೋಡು, ಸಣ್ಣ ಪಾಪ ಅಂತ ಯಾವುದೂ ಇಲ್ಲ. ನೀನು ಕದ್ದದ್ದು ಒಂದು ಗೇಣು, ನಾನು ಕಳ್ಕೊಂಡದ್ದು ಸಾವಿರ ಊಟ." ಫಾದರ್ ನಿಟ್ಟುಸಿರು ಬಿಟ್ಟರು. ಮತ್ತೆ ಮಾತಾಡಿದಾಗ ದನಿ ಮೆತ್ತಗಾಗಿತ್ತು. "ಆದ್ರೆ ಕ್ಷಮೆ ಗೇಣು ಹಾಕಿ ಅಳೆದು ಕೊಡೋದಲ್ಲ ಮಗಾ. ದೇವರು ಕ್ಷಮಿಸಿದ್ದಾನೆ, ನಾನೂ ಕ್ಷಮಿಸಿದ್ದೀನಿ. ಮಗುವಿನ ಉಡುಪು ಹಾಗೇ ಇರ್ಲಿ. ನನಗೊಂದು ಸಡಿಲವಾದ ನಿಲುವಂಗಿ ಹೊಲಿದುಕೊಡು. ಇನ್ನು ಸುಳ್ಳು, ಕಳ್ಳತನ ಬೇಡ. ಹೋಗು."

ಗಂಟೆ ಢಣ್ ಎಂದಿತು. ದರ್ಜಿಯ ಕಣ್ಣಲ್ಲಿ ನೀರು ಸುರಿಯಿತು. ಮೂರು ವರ್ಷದ ಭಾರ ಇಳಿದಿತ್ತು! ನಾಳೆ ಮಗುವನ್ನು ಎತ್ತಿಕೊಳ್ಳಬಹುದು! ಒಂದೇ ಚಪ್ಪಲಿಯಲ್ಲಿ ಕುಣಿಯುತ್ತಾ ಹೊರಗೆ ಬಂದ.

ಮೆಟ್ಟಿಲ ಮೇಲೆ ಮೂವರೂ ಕಾಯುತ್ತಿದ್ದರು. ಮನಸ್ಸು ಹಗುರಾದ ಮೇಲೆ ಟೀಚರಮ್ಮ ಚೀಟಿಯನ್ನು ತಿರುವಿ ನೋಡಿದ್ದರು. ಹಿಂದೆ ಅಚ್ಚಾಗಿತ್ತು: ಎದೆ, ಸೊಂಟ, ತೋಳು.

"ಇದು ನಿನ್ನ ಚೀಟಿನಾ?" ಎಂದರು ಟೀಚರಮ್ಮ. ಬೇಕರಿಯವ ಅಂಗಿಯ ತೋಳು ಮೇಲೇರಿಸುತ್ತಿದ್ದ.

"ಅಯ್ಯೋ, ನಂದಲ್ಲ!"

ಮಾತು ಬಾಯಿಂದ ಜಾರಿತ್ತು. ಕ್ಷಮೆ ಸಿಕ್ಕಿ ಒಂದು ನಿಮಿಷವೂ ಆಗಿರಲಿಲ್ಲ! ದರ್ಜಿ ತಲೆ ಚಚ್ಚಿಕೊಂಡು ಒಳಗೆ ಓಡಿದ. ಗೂಡು ಖಾಲಿ. ಹಿತ್ತಲಿಗೆ ಸುತ್ತಿಕೊಂಡು ಹೋಗಿ ಫಾದರ್ ಮನೆಯ ಕಿಟಕಿಗೆ ಜೋತುಬಿದ್ದು ಕೂಗಿದ:

"ಫಾದರ್! ಆಗ್ಲೇ ಸುಳ್ಳು ಹೇಳ್ಬಿಟ್ಟೆ! ಚೀಟಿ ನಂದೇ! ಆ ಪಾಪಗಳೆಲ್ಲ ನಂದೇ!"

"ಏನು? ಅವೆಲ್ಲ ಇವನದ್ದಾ?" ಬೆನ್ನ ಹಿಂದೆಯೇ ಬಂದಿದ್ದ ಬೇಕರಿಯವ ಅಬ್ಬರಿಸಿದ. "ಇವನ ಪಾಪಕ್ಕೆ ನಾವ್ಯಾಕೆ ಪ್ರಾಯಶ್ಚಿತ್ತ ಮಾಡ್ಬೇಕು? ಹಿಡೀರಿ ಅವನನ್ನ!"

"ಫಾದರ್, ಬೇಗ ಬನ್ನಿ! ನಾಳೆ ಜ್ಞಾನಸ್ನಾನ!"

ಮೂರು ವರ್ಷದ ಮೇಲೆ ರಾತ್ರಿಯೂಟದ ಮೊದಲ ತುತ್ತು ಬಾಯಿಗಿಟ್ಟಿದ್ದ ಫಾದರ್ ತಲೆಯೆತ್ತಲೂ ಇಲ್ಲ.

"ಕಾಯಿ ಮಗಾ. ಕ್ಷಮೆ ಎಲ್ಲೂ ಓಡಿಹೋಗಲ್ಲ. ಊಟ ತಣ್ಣಗಾಗುತ್ತೆ."